ಎಡಗೈ ಚಾಚಿದವಳು

ನಾನು ಮಕ್ಕಳಿಗೆ ಚಿತ್ರಪುಸ್ತಕ ಬರೆಯುತ್ತೇನೆ. ಪುಟಕ್ಕೆ ಮೂರೋ ನಾಲ್ಕೋ ಸಾಲು, ಮಿಕ್ಕಿದ್ದೆಲ್ಲ ಚಿತ್ರ. ಯಾವ ಪಾಠದಲ್ಲೂ ಬಾರದ, ಆದರೆ ತಮ್ಮ ದಾರಿಯನ್ನು ತಾವೇ ಮಾಡಿಕೊಂಡ ಹೆಂಗಸರ ಬದುಕೇ ನನ್ನ ವಸ್ತು. ರಿಂಗ್ ರೋಡಿನ ಉದ್ದಕ್ಕೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ವರ್ಷಗಳಲ್ಲಿ ದೊಡ್ಡನೆಕ್ಕುಂದಿಯ ಒಬ್ಬಾಕೆಯ ಸುದ್ದಿ ನನ್ನ ಕಿವಿಗೆ ಬಿತ್ತು. ಅಲ್ಲಿನ ವರ್ಕ್‌ಶಾಪ್ ಶೆಡ್ಡುಗಳಲ್ಲಿ, ಕಬ್ಬಿಣ ಕೊರೆಯುವ ಲೇತ್ ಮೆಷೀನಿನ ಮುಂದೆ ನಿಂತ ಮೊದಲ ಹೆಂಗಸು ಆಕೆ ಅಂತ. ಬೇಗೂರಿನ ನನ್ನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಹೋದೆ.

ಆಕೆಗೆ ಅರವತ್ತರ ಆಸುಪಾಸು. ಗಂಡ ತೀರಿಹೋಗಿದ್ದ. ಗಂಡನ ಅಣ್ಣನ ಮಗ ಬಾಡಿಗೆಗೆಂದು ಕಟ್ಟಿದ ನಾಲ್ಕಂತಸ್ತಿನ ಮನೆಯ ಹಿಂದೆ, ನೀರಿನ ಸಂಪಿನ ಪಕ್ಕದ ಒಂದೇ ಕೋಣೆಯಲ್ಲಿ ಇದ್ದಳು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ, ಮೂರನೆಯದು ಮಡಚುತ್ತಿರಲಿಲ್ಲ. ಮೊದಲ ಎರಡು ಭೇಟಿಯಲ್ಲಿ ಅದರ ಬಗ್ಗೆ ಕೇಳುವ ಧೈರ್ಯ ಬರಲಿಲ್ಲ. ಮೂರನೆಯ ಸಲ ಅವಳೇ ಶುರುಮಾಡಿದಳು.

ಶೆಡ್ಡಿಗೆ ಅವಳು ಸೇರಿದ್ದು ಕಸ ಗುಡಿಸಲು. ಮೆಷೀನಿನಿಂದ ಉದುರುವ ಕಬ್ಬಿಣದ ಸುರುಳಿಗಳನ್ನು ಗುಡಿಸುತ್ತಲೇ ಕೆಲಸ ನೋಡಿಕೊಂಡಳು. ಗಂಡಸರು ಊಟಕ್ಕೆ ಹೋದಾಗ ತಾನೇ ಒಂದು ಕಬ್ಬಿಣದ ತುಂಡನ್ನು ಮೆಷೀನಿಗೆ ಕೂರಿಸಿ ಕೊರೆದಳು. ಓನರ್ ಅದನ್ನು ಅಳೆದು ನೋಡಿ, ಮಾರನೆಯ ದಿನವೇ ಅವಳನ್ನು ಮೆಷೀನಿನ ಕೆಲಸಕ್ಕೆ ಹಾಕಿದ. ಅದೇ ವಾರ ಗಂಡ ಶೆಡ್ಡಿಗೆ ನುಗ್ಗಿದ. ಜುಟ್ಟು ಹಿಡಿದು, ಎಲ್ಲರೆದುರಿಗೆ ಅವಳ ಹಣೆಯನ್ನು ಮೆಷೀನಿನ ಕಂಬಕ್ಕೆ ಚಚ್ಚಿದ. ರಕ್ತ ಕಣ್ಣಿಗಿಳಿಯಿತು. ಯಾರೂ ಬಿಡಿಸಲಿಲ್ಲ. ಒಬ್ಬ ನಕ್ಕನಂತೆ. ಮರುದಿನ ಅವಳು ಹಣೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು.

"ಆಮೇಲೆ ನಮ್ ಭಾವ ಬಂದ ಕಣವ್ವಾ. ಇವರ ಅಣ್ಣ. ಒರಳುಕಲ್ಲಿನ ಪಕ್ಕ ಕೂರ್ಸಿದ. ಸುತ್ತಿಗೆ ಕೈಯಾಗಿತ್ತು. ಮೆಷೀನು ಇಡಿಯೋ ಕೈ ಯಾವ್ದೇ, ಅಂದ."

"ನೀವೇನಂದ್ರಿ?"

"ಎಡಗೈ ಚಾಚ್ದೆ. ಬಲಗೈ ಬೇಕಾಗಿತ್ತಲ್ಲ ನಂಗೆ."

ಭಾವ ಮೂರು ಏಟು ಹಾಕಿದನಂತೆ. ಗಂಡ ಅವಳ ಭುಜ ಅದುಮಿ ಹಿಡಿದಿದ್ದನಂತೆ. ಗಾಯ ಮಾಯುವ ಮೊದಲೇ ಅವಳು ಮತ್ತೆ ಶೆಡ್ಡಿನಲ್ಲಿದ್ದಳು. ಮುಂದಿನ ವರ್ಷಗಳಲ್ಲಿ ಏಳು ಹೆಂಗಸರಿಗೆ ಲೇತ್ ಕಲಿಸಿದಳು.

ಆ ಭಾವ ಇನ್ನೂ ಬದುಕಿದ್ದ. ಊರಿನಲ್ಲಿ ದೊಡ್ಡ ಮನುಷ್ಯ, ದೇವಸ್ಥಾನದ ಕಮಿಟಿಯಲ್ಲಿ ಮೊದಲ ಕುರ್ಚಿ. ನಾನು ಬಂದುಹೋಗುತ್ತಿದ್ದುದನ್ನು ಯಾರೋ ಅವನ ಮನೆಗೆ ಮುಟ್ಟಿಸಿದ್ದರು. ನಾಲ್ಕನೆಯ ಸಲ ಹೋದಾಗ ಅವನ ಮಗ, ಆ ಬಾಡಿಗೆ ಮನೆ ಕಟ್ಟಿಸಿದವನೇ, ಬಾಗಿಲನ್ನು ಒದ್ದು ಒಳಗೆ ಬಂದ.

"ಏನ್ ಬರ್ಕೊತಾ ಇದೀರಾ ಮೇಡಂ? ನಮ್ಮಪ್ಪನ ಹೆಸ್ರು ಬುಕ್ಕಲ್ಲಿ ಹಾಕ್ತೀರಾ?"

ನೋಟ್‌ಬುಕ್ ಕಿತ್ತುಕೊಂಡು ಹರಿಯತೊಡಗಿದ. ನಾನು ಅವನ ಕೈ ಹಿಡಿದೆ. ಕೆನ್ನೆಗೆ ಬಿದ್ದ ಏಟಿಗೆ ಕನ್ನಡಕ ಹಾರಿತು. ಹೊಸ್ತಿಲಿಗೆ ಮುಖ ಬಡಿದು ತುಟಿ ಸೀಳಿತು. ಏಳುವಷ್ಟರಲ್ಲಿ ಬೆನ್ನಿಗೆ ಒದ್ದ. ಬಾಯಿ ತುಂಬ ರಕ್ತ. ಕಿರುಚಲು ಹೋದರೆ ಉಸಿರೇ ಹೊರಡಲಿಲ್ಲ.

ಆಮೇಲೆ ಒಂದು ಸದ್ದು ಕೇಳಿತು, ಒಣ ಕೊಂಬೆ ಮುರಿದ ಹಾಗೆ. ತಿರುಗಿ ನೋಡಿದರೆ ಆಕೆ ಮಂಚದ ಪಕ್ಕ ನಿಂತಿದ್ದಳು, ಬಲಗೈಯಲ್ಲಿ ಮೊಳದುದ್ದದ ಸ್ಪ್ಯಾನರ್. ಅವನು ಮಣಿಕಟ್ಟು ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದ. ಅವಳು ಮತ್ತೆ ಕೈ ಎತ್ತಿದಳು. ಈ ಸಲ ಅವನ ತಲೆಯ ಮೇಲೆ. ನಾನು "ಬೇಡ" ಅನ್ನಬೇಕಿತ್ತು. ಅನ್ನಲಿಲ್ಲ. ಹೊಡೆಯಲಿ ಎಂದು ಕಾಯುತ್ತಿದ್ದೆ. ಅವಳೇ ಕೈ ಇಳಿಸಿದಳು. "ಓಗೋ, ನಿಮ್ಮಪ್ಪಂಗೆ ತೋರ್ಸೋಗು," ಅಂದಳು.

ಮಕ್ಕಳಿಗೆ ಬರೆಯುವವಳು ನಾನು. ಒಬ್ಬನ ಮೂಳೆ ಮುರಿದ ಸದ್ದಿಗೆ ನನ್ನೊಳಗೆ ಖುಷಿ ಎದ್ದಿದ್ದು ನಿಜ. ಇವತ್ತಿಗೂ ಅದನ್ನು ಇಲ್ಲ ಅನ್ನಲಾರೆ.

ಪೊಲೀಸ್ ಸ್ಟೇಷನ್ನಿನಲ್ಲಿ ಎರಡೂ ಕಡೆಯವರನ್ನು ಕೂರಿಸಿದರು. ನನ್ನ ತುಟಿಗೆ ಹೊಲಿಗೆ, ಅವನ ಕೈಗೆ ಪ್ಲಾಸ್ಟರ್. ನಾನು ಕಂಪ್ಲೇಂಟ್ ಕೊಟ್ಟರೆ ಅವರು ಆಕೆಯ ಮೇಲೆ ಕೊಡುತ್ತಾರೆ, ಇಬ್ಬರೂ ಬಿಟ್ಟರೆ ಒಳ್ಳೆಯದು ಎಂದಾಯಿತು. ಆಕೆಯ ಮುಖ ನೋಡಿ ರಾಜಿ ಪತ್ರಕ್ಕೆ ಸಹಿ ಹಾಕಿದೆ. ಅಷ್ಟರಲ್ಲಿ ಅವಳ ಪಾತ್ರೆ, ಹಾಸಿಗೆಗಳನ್ನೆಲ್ಲ ಬೀದಿಗೆ ಎಸೆದಾಗಿತ್ತು. ಅವಳಿಂದ ಕೆಲಸ ಕಲಿತ ಒಬ್ಬ ಹೆಂಗಸು ಆಟೋ ತಂದು, ಅವಳನ್ನು ಮಹದೇವಪುರದ ತನ್ನ ಮನೆಗೆ ಕರೆದುಕೊಂಡು ಹೋದಳು.

ಪುಸ್ತಕ ಬರೆದೆ. ಸಂಪಾದಕಿ ಸುತ್ತಿಗೆಯ ಪುಟದ ಹತ್ತಿರ ನಿಂತುಬಿಟ್ಟರು. "ಏಳೆಂಟು ವರ್ಷದ ಮಕ್ಕಳು ಓದೋದು ಕಣ್ರೀ. ಅಪಘಾತದಲ್ಲಿ ಬೆರಳು ಹೋಯ್ತು ಅಂತ ಬರ್ದುಬಿಡಿ." ನಾನೂ ಸುಸ್ತಾಗಿದ್ದೆ. ಹಾಗೇ ಬರೆದು, ಮಹದೇವಪುರಕ್ಕೆ ಹೋಗಿ ಆಕೆಗೆ ಓದಿ ಹೇಳಿದೆ.

ಅವಳು ಸ್ಪ್ಯಾನರ್ ಹಿಡಿದ ದಿನವೂ ಅವಳ ಮುಖದಲ್ಲಿ ನಾನು ಅಷ್ಟು ಸಿಟ್ಟನ್ನು ಕಂಡಿರಲಿಲ್ಲ. "ಮೆಷೀನು ನನ್ ಬೆರಳು ತಿನ್ಲಿಲ್ಲ. ನಂಗೆ ಅನ್ನ ಆಕಿದ್ದೇ ಅದು. ಅದ್ರ ಮ್ಯಾಲೆ ಸುಳ್ಳು ಏಳ್ಬ್ಯಾಡ."

ಸಂಪಾದಕಿಯ ಜೊತೆ ಜಗಳವಾಡಿದೆ. ಪುಸ್ತಕವೇ ಬೇಡ ಅನ್ನುವವರೆಗೂ ಹೋಯಿತು. ಕೊನೆಗೆ ಅವರೇ ಒಂದು ದಿನ ನನ್ನ ಜೊತೆ ಬಂದು ಆಕೆಯ ಎದುರು ಕೂತರು, ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ, "ನೀವು ಮೊದ್ಲು ಬರ್ದಿದ್ದೇ ಇರ್ಲಿ," ಅಂದರು. ಪುಟದಲ್ಲಿ ಒಂದೇ ಸಾಲು ನಿಂತಿತು: "ಗಂಡನ ಅಣ್ಣ ಸುತ್ತಿಗೆಯಿಂದ ಅವಳ ಎಡಗೈ ಜಜ್ಜಿದ."

ಅಚ್ಚಾದ ಮೇಲೆ ಒಂದು ಸರ್ಕಾರಿ ಶಾಲೆಯಲ್ಲಿ ಓದಿದೆ. ಆ ಸಾಲು ಓದಿ ತಲೆಯೆತ್ತಿ ಮಕ್ಕಳ ಮುಖ ನೋಡಿದೆ. ಮಕ್ಕಳು ಅಳಲಿಲ್ಲ, ಹೆದರಲೂ ಇಲ್ಲ. ಎರಡನೆಯ ಸಾಲಿನಲ್ಲಿ ಕೂತ ಒಬ್ಬ ಹುಡುಗಿ ಎದ್ದು ನಿಂತಳು.

"ಅವ್ನನ್ನ ಪೊಲೀಸ್ನೋರು ಹಿಡ್ಕೊಂಡೋದ್ರಾ ಮಿಸ್?"

"ಇಲ್ಲಮ್ಮ."

"ಮತ್ತೆ ಅದ್ನ ಯಾಕೆ ಬರ್ದಿಲ್ಲ? ನಮ್ಮನೇಲೂ ಯಾರೂ ಹಿಡ್ಕೊಂಡೋಗಲ್ಲ."

ಟೀಚರ್ ಅವಳನ್ನು ಕೂರಿಸಿದರು. ಬೆಲ್ ಆಗುವವರೆಗೂ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಹೊರಡುವ ಮೊದಲು, ಅವಳ ಮನೆಯಲ್ಲಿ ಏನು ನಡೆಯುತ್ತಿದೆ ನೋಡಿ ಎಂದು ಟೀಚರಿಗೆ ಹೇಳಿದೆ, ಅವರು ವಿಚಾರಿಸುತ್ತೇನೆ ಅಂದರು. ಎರಡನೆಯ ಮುದ್ರಣಕ್ಕೆ ಒಂದು ಸಾಲು ಸೇರಿಸಿದೆ: "ಅವನನ್ನು ಯಾರೂ ಏನೂ ಕೇಳಲಿಲ್ಲ." ಮಹದೇವಪುರಕ್ಕೆ ಫೋನ್ ಮಾಡಿ ಆಕೆಗೆ ಅದನ್ನು ಓದಿ ಹೇಳಿದೆ.

"ಊಂ. ಅದೂ ಇರ್ಲಿ," ಅಂದಳು.