ಬೇಡ ಎನ್ನುವಷ್ಟು ಸ್ಪ್ಯಾನಿಶ್

ಇದನ್ನು ಬರೆಯುವುದನ್ನು ಬಹಳ ದಿನ ಮುಂದೂಡಿದೆ. ಮರ್ಯಾದೆ ಹೋಗುತ್ತದೆಂಬ ಅಂಜಿಕೆಯಷ್ಟೇ ಅಲ್ಲ, ಅವನು ನನಗೆ ದ್ರೋಹ ಮಾಡಿದ ಎಂಬ ಸಂಕಟ ಇನ್ನೂ ಪೂರ್ತಿ ಆರಿಲ್ಲ. ಅವನ ಹೆಸರು ಬರೆಯಲಾರೆ.

ಇಬ್ಬರೂ ಬಾದಾಮಿಯ ಗುಹೆಗಳ ಹತ್ತಿರ ಗೈಡ್ ಆಗಿದ್ದೆವು. ನಮ್ಮೊಳಗೆ ಪಾಳಿ ಇತ್ತು. ಯಾರ ಪಾಳಿಯಲ್ಲಿ ಗಾಡಿ ಬರುತ್ತದೋ ಆ ಪ್ರವಾಸಿಗರು ಅವರಿಗೇ. ಇನ್ನೊಬ್ಬ ಕೈ ಹಾಕುವಂತಿಲ್ಲ. ಹಿರಿಯನೆಂದು ಪಾಳಿ ನೋಡಿಕೊಳ್ಳುವ ಕೆಲಸ ನನ್ನದು. ಅವನು ನಮ್ಮ ಓಣಿಯವನೇ, ನನಗಿಂತ ತುಂಬ ಚಿಕ್ಕವನು. ಆ ಕೆಲಸಕ್ಕೆ ಅವನನ್ನು ಕರೆತಂದವನೂ ನಾನೇ. ಫೋನಿನಲ್ಲಿ ನೋಡಿ ನೋಡಿ ಸ್ಪ್ಯಾನಿಶ್ ಕಲಿತಿದ್ದ.

ಚಳಿಗಾಲದಲ್ಲಿ ಸ್ಪೇನಿನವರು ಬರುತ್ತಿದ್ದರು. ಬಾಳೆಹಣ್ಣು ಹಿಡಿದುಕೊಂಡೇ ಮೆಟ್ಟಿಲು ಹತ್ತುವರು, ಮಂಗಗಳು ಮೈಮೇಲೆ ಬೀಳುವವು. ನನ್ನ ಇಂಗ್ಲಿಷ್ ಅವರಿಗೆ ತಿಳಿಯುತ್ತಿರಲಿಲ್ಲ.

"ಬ್ಯಾಡ ಅನ್ನೂದನ್ನರ ಕಲಿಸೋ," ಎಂದೆ.

"ಸರಳ ಐತಿ ಕಾಕಾ. ‘ಮಿರಾರ್’ ಅಂದ್ರ ನೋಡೂದು. ‘ಮಿರೊ’, ನಾ ನೋಡ್ತೇನಿ. ಕೊನೀ ‘ಒ’ ಕಿತ್ತು ‘ಎ’ ಹಚ್ಚರಿ, ಮುಂದ ‘ನೊ’ ಇಡ್ರಿ. ‘ನೊ ಮಿರೆ’, ನೋಡಬ್ಯಾಡ್ರಿ."

"ಓಡಬ್ಯಾಡ್ರಿ ಅನ್ನಾಕ?"

"‘ಕೊರ್ರೆರ್’ ಅಂದ್ರ ಓಡೂದು, ‘ಕೊರ್ರೊ’ ಓಡ್ತೇನಿ. ‘ಆರ್’ ಅಂತ ಮುಗಿಯೂವಕ್ಕ ‘ಎ’. ‘ಎರ್’, ‘ಇರ್’ ಅಂತ ಮುಗಿಯೂವಕ್ಕ ‘ಆ’. ‘ನೊ ಕೊರ್ರಾ’. ತಿನಬ್ಯಾಡ್ರಿ, ‘ನೊ ಕೋಮಾ’. ಹತ್ತಬ್ಯಾಡ್ರಿ, ‘ನೊ ಸೂಬಾ’. ಎಲ್ಲಾ ಮರ್ಯಾದಿ ಮಾತು, ನಮ್ಮ ‘ರಿ’ ಇದ್ದಂಗ. ಇನ್ನ ಬರ್ರಿ, ಕೂಡ್ರಿ ಅನ್ನೂದು..."

"ಇಷ್ಟ ಸಾಕಪಾ. ಈ ತಲ್ಯಾಗ ಎಷ್ಟರ ಹಿಡೀತೈತಿ?" ಎಂದು ನಾನೇ ಎದ್ದುಬಿಟ್ಟೆ.

ಒಂದು ದಿನ ನನ್ನ ಪಾಳಿಯಲ್ಲಿ ಸ್ಪೇನಿನವರ ಗಾಡಿ ಬಂತಂತೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅವನು ಅವರನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದ. ಕೇಳಿದ್ದರೆ ಪಾಳಿ ಬಿಟ್ಟುಕೊಡುತ್ತಿದ್ದೆ. ಅವನು ಕೇಳಲಿಲ್ಲ. ಸಂಜೆ ಎಲ್ಲ ಗೈಡುಗಳ ಎದುರು ಅವನನ್ನು ತಡೆದು ನಿಲ್ಲಿಸಿದೆ.

"ಅವರು ಸ್ಪ್ಯಾನಿಶ್ ಬರೂರು ಬೇಕಂದ್ರು ಕಾಕಾ."

"ನನಗ ಬರೂದಿಲ್ಲೇನಲೇ?"

"ನಿಮಗ ಬ್ಯಾಡ ಅನ್ನೂದಷ್ಟ ಬರ್ತೈತಿ. ಇಡೀ ದಿನಾ ಮಂದೀನ ಗದರಿಸ್ಕೋಂತ ಐಹೊಳಿ ತೋರಸ್ತೀರೇನು?"

ಎಲ್ಲರೂ ನಕ್ಕರು. ನಾನೇ ಕೈಹಿಡಿದು ತಂದ ಹುಡುಗ ಹೀಗೆ ಮಾಡಿದನಲ್ಲ ಎನಿಸಿತು. "ಬೇಕಂತನ ಅಷ್ಟ ಕಲಿಸ್ಯಾನ ಇವ," ಎಂದೆ. "ಉಳಿದದ್ದೆಲ್ಲಾ ಕೇಳಿದ್ರೂ ಹೇಳಲಿಲ್ಲ. ನನ್ನ ಮಂದೀನ ಕಸಗೊಳ್ಳಾಕ ಮೊದಲ ಹೂಡಿದ ಆಟ ಇದು."

ಪಾಳಿ ಮುರಿದದ್ದು ನಿಜ. ಅದೊಂದೇ ಆಗಿದ್ದರೆ ಉಳಿದ ಗೈಡುಗಳು ಬೈದು ಬಿಡುತ್ತಿದ್ದರು. ನನ್ನ ಮಾತು ಕೇಳಿದ ಮೇಲೆ ಪಾಳಿಯಿಂದಲೇ ತೆಗೆದುಹಾಕಿದರು. ಕಲಿಯುವಾಗ ಸಾಕು ಎಂದವನು ನಾನೇ ಎಂಬುದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅವನು ನನ್ನ ಮುಖ ನೋಡಿ ಹೊರಟುಹೋದ. ನಾನು ನನ್ನ ಸುಳ್ಳನ್ನು ಹಾಗೇ ಬಿಟ್ಟೆ.

ಅವನು ಇಳಕಲ್ಲಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಸೇರಿದ. ಹೋದ ವರ್ಷ ಸೀರೆ ತರಲು ಅಲ್ಲಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಸಿಕ್ಕ. ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಮಾತಾಡಿಸಲಾರ ಎಂದುಕೊಂಡೆ; ಅವನೇ ಬಂದ.

"ಕಾಕಾ, ಆರಾಮ ಅದೀರಿ? ಇಲ್ಲಿ ಧೂಳಿಗೆ ಕೆಮ್ಮು ನಿಲ್ಲವಲ್ದು. ನನಗ ಮತ್ತ ಪಾಳ್ಯಾಗ ಜಾಗ ಸಿಕ್ಕೀತೇನ್ರಿ?"

"ಎಲ್ಲಾರನೂ ಕೇಳಿ ನೋಡ್ತೇನಿ," ಎಂದೆ.

ಪಾಳಿ ಈಗಲೂ ನಾನೇ ನೋಡಿಕೊಳ್ಳುತ್ತೇನೆ. ಉಳಿದ ಗೈಡುಗಳನ್ನು ಕೇಳಬೇಕಾದರೆ ಅಂದು ನಾನು ಹೇಳಿದ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಇನ್ನೂ ಯಾರನ್ನೂ ಕೇಳಿಲ್ಲ.