ಪಂಪಿನ ಮೇಲಿನ ಒದ್ದೆ ಅರಿವೆ

ಜನವರಿ ಹನ್ನೊಂದು, ಭಾನುವಾರ. ಬರೆಯಲು ಕುಳಿತಾಗ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ.

ಒಂದು ಗಂಟೆಯ ಹಿಂದೆ ಕಾರಿನ ಡಿಕ್ಕಿಯಲ್ಲಿ ನಟ್ಟು ಬಿಚ್ಚುವ ಪಾನಾ ಹುಡುಕುವಾಗ ಒಂದು ಅರಿವೆಯ ತುಂಡು ಕೈಗೆ ಸಿಕ್ಕಿತು. ಹಳೆಯ ಧೋತರದಿಂದ ಹರಿದದ್ದು, ಒಂದೂವರೆ ಗೇಣು ಅಗಲ, ಒಂದು ಅಂಚಿಗೆ ಇನ್ನೂ ಕೆಂಪು ದಡಿ ಇದೆ. ಮೂಗಿಗೆ ಹಿಡಿದೆ. ಪೆಟ್ರೋಲಿನ ವಾಸನೆ ಯಾವಾಗಲೋ ಹಾರಿಹೋಗಿತ್ತು. ಗ್ರೀಸಿನದು ಉಳಿದಿತ್ತು, ಅದರಡಿಯಲ್ಲಿ ಸಣ್ಣಗೆ ತಂಬಾಕಿನದು... ಮಿಸ್ತ್ರಿ ಕಾಕಾ ಪಕ್ಕದಲ್ಲೇ ಬಂದು ನಿಂತಂತಾಯಿತು.

ಅವರ ಗ್ಯಾರೇಜು ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ರಸ್ತೆಯ ಎಡಕ್ಕೆ ಇತ್ತು. ಗ್ಯಾರೇಜೆಂದರೆ ನಾಲ್ಕು ತಗಡು, ಕೂರಲು ಒಂದು ಬಾಕು, ಒಂದು ನೀರಿನ ಕೊಡ. ನಮ್ಮ ಅಜ್ಜ ಬಾಡಿಗೆಗೆ ಓಡಿಸುತ್ತಿದ್ದ ಬಿಳಿ ಅಂಬಾಸಿಡರನ್ನು ಅಜ್ಜನ ಕಾಲದಿಂದಲೂ ಅವರೇ ನೋಡುತ್ತಿದ್ದರು. ಅಜ್ಜನ ನಂತರ ಅಪ್ಪ ಓಡಿಸಿದರು. ಆಮೇಲೆ ಅದು ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತಿತು. ಎರಡು ವರ್ಷದ ಹಿಂದೆ ನಾನು ಅದನ್ನು ಹೊರತೆಗೆದೆ. ಹಳೆಯ ಕಾರಿನಲ್ಲಿ ಮದುಮಕ್ಕಳ ಮೆರವಣಿಗೆ ಮಾಡಿಸುವುದು ನಮ್ಮ ಕಡೆ ಹೊಸ ಹುಚ್ಚಾಗಿತ್ತು. ನಾನೇ ಓಡಿಸುವುದು, ನಾನೇ ಸಿಂಗರಿಸುವುದು ಎಂದು ತೀರ್ಮಾನಿಸಿದೆ.

ನನ್ನದೊಂದು ವಿಶೇಷವಿತ್ತು. ಚೆಂಡುಹೂವನ್ನು ಒತ್ತೊತ್ತಾಗಿ ಪೋಣಿಸಿ, ಕಾರಿನ ಮುಂದಿನ ಜಾಲರಿಯ ಅಳತೆಗೆ ಸರಿಯಾಗಿ ಒಂದು ಹೂವಿನ ಪರದೆ ಮಾಡುತ್ತಿದ್ದೆ. ಎದುರಿನಿಂದ ನೋಡಿದರೆ ಕಾರಿನ ಮುಖ ಪೂರ್ತಿ ಹಳದಿ. ಫೋಟೋ ತೆಗೆಯುವವರು ಮೊದಲು ಅಲ್ಲಿಗೇ ಬರುತ್ತಿದ್ದರು.

ಆದರೆ ಕಾರು ನಿಲ್ಲತೊಡಗಿತು. ಮನೆಯಿಂದ ಹೊರಡುವಾಗ ಸರಿಯಾಗಿರುತ್ತಿತ್ತು. ಬ್ಯಾಂಡಿನವರ ಹಿಂದೆ ಒಂದನೇ ಗೇರಿನಲ್ಲಿ ಗಂಟೆಗಟ್ಟಲೆ ತೆವಳಿ, ಗುಡಿಯ ಮುಂದೆ ಆರಿಸಿದರೆ ಮುಗಿಯಿತು, ಮತ್ತೆ ಚಾಲೂ ಆಗುತ್ತಿರಲಿಲ್ಲ. ದೇವರ ಹಿಪ್ಪರಗಿಯ ಮದುವೆಯಲ್ಲಿ ಮದುಮಗಳು ಇಳಿದು ನಡೆದೇ ಮನೆಗೆ ಹೋದಳು. ಬೀಗರಲ್ಲಿ ಒಬ್ಬ, "ಎತ್ತ ಹೂಡ್ರೆಪಾ ಇದಕ್ಕ, ಒಂದ ಜೋಡಿ ಸಾಕು!" ಎಂದ. ಎಲ್ಲರೂ ನಕ್ಕರು. ಮದುಮಗನ ಅತ್ತೆಯೊಬ್ಬರು ಮಾತ್ರ ನಗಲಿಲ್ಲ. "ಸಕುನ ಛಲೋ ಅಲ್ಲ" ಎಂದರು. ಆ ಮಾತು ನಮಗಿಂತ ಮೊದಲು ಸಿಂದಗಿ ಮುಟ್ಟಿತು.

ಅಪ್ಪ ಅಂದು ಊಟದ ಮುಂದೆ ಕೂತು, "ಇನ್ನೊಂದ ಸಲ ನಿಂತಿತಂದ್ರ ಗುಜರಿಯವ್ಗ ಫೋನ್ ಹಚ್ಚತೇನಿ. ನಮ್ಮಪ್ಪನ ಕಾರ ಮಂದಿ ಬಾಯಾಗ ಬೀಳೂದ ಬ್ಯಾಡ" ಎಂದರು. ಕಾರು ಹೋದರೆ ನನ್ನ ಕೆಲಸ ಹೋದಂತೆ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಕೈಯಲ್ಲೇ ಅಜ್ಜನ ಕಾರು ತುಂಡಾಗಲು ಹೋಗುತ್ತಿತ್ತು.

ಮರುದಿನ ಕಾಕಾನ ಮುಂದೆ ಕಾರು ನಿಲ್ಲಿಸಿದೆ. ಅವರು ಬಾನೆಟ್ ಎತ್ತುವ ಮೊದಲು ಬಾಕಿನ ಮೇಲೆ ಕೂತು ಕೇಳುವವರು. ಯಾವ ಗಾಡಿ ಬಂದರೂ ಪ್ರಶ್ನೆ ಅವೇ ಮೂರು. "ಕಿಡಿ ಐತೇನು? ಎಣ್ಣಿ ಐತೇನು? ಗಾಳಿ ಐತೇನು?" ಪೆಟ್ರೋಲಿಗೆ ಅವರು ಎಣ್ಣಿ ಎನ್ನುತ್ತಿದ್ದರು. ಪ್ಲಗ್ಗು ಬಿಚ್ಚಿ ನೋಡಿದರು, ಕಿಡಿ ಇತ್ತು. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿರಬೇಕೆಂದು ಅದನ್ನು ಪೂರ್ತಿ ಬಿಚ್ಚಿ ತೊಳೆದರು. ಮುಂದಿನ ಮದುವೆಯಲ್ಲಿ ಕಾರು ಮತ್ತೆ ನಿಂತಿತು. ಅಪ್ಪನಿಗೆ ನಾನು ಹೇಳಲಿಲ್ಲ. ಕಾಕಾ ಇನ್ನೊಮ್ಮೆ ಬಿಚ್ಚಿ ತೊಳೆದರು. ಮತ್ತೆ ನಿಂತಿತು... ಅದನ್ನೂ ಹೇಳಲಿಲ್ಲ.

ಆ ಎರಡು ಸಲವೂ ನನ್ನನ್ನು ಉಳಿಸಿದ್ದು ಈ ಅರಿವೆ. "ಪಂಪ ಕಾದ್ರ ಎಣ್ಣಿ ಒಳಗ ಕುದದು ಹಬಿ ಆಗತೈತಿ. ಹಬಿ ಎಳಿಯಾಕ ಪಂಪಿಗೆ ಬರೂದಿಲ್ಲ. ಅರಿವಿ ತೊಯ್ಸಿ ಮ್ಯಾಲೆ ಹಾಕು, ಸುಮ್ನ ಕೂಡು" ಎಂದು ಹೇಳಿ, ತಮ್ಮ ಧೋತರದ ತುಂಡೊಂದನ್ನು ಕೊಟ್ಟಿದ್ದರು. ಒದ್ದೆ ಅರಿವೆ ಹಾಕಿದ ಹನ್ನೆರಡು, ಹದಿಮೂರು ನಿಮಿಷಕ್ಕೆ ಕಾರು ಹೊರಡುತ್ತಿತ್ತು. ಆದರೆ ಅದು ಮದ್ದಾಗಿರಲಿಲ್ಲ. ಟಾಕಿಯಿಂದ ಪೆಟ್ರೋಲು ಎಳೆಯುವ ಆ ಪಂಪು ಅಷ್ಟೇಕೆ ಕಾಯುತ್ತದೆ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಬಿಸಿಲು ಎಂದುಕೊಂಡಿದ್ದೆವು.

ನಾನು ದಿನಚರಿ ಬರೆಯುತ್ತೇನೆಂದು ತಿಳಿದಾಗ ಕಾಕಾ ಬೀಡಿ ಆರಿಸಿ ನೆಟ್ಟಗೆ ಕೂತರು.

"ಏನೇನ ಬರದಿ?"

"ನಿಂತ ಹೊತ್ತು, ಹೊಂಟ ಹೊತ್ತು, ಎಷ್ಟ ಪೆಟ್ರೋಲಿತ್ತು, ಎಲ್ಲಾ ಬರದೇನ್ರಿ ಕಾಕಾ."

"ಮತ್ತ ಇಷ್ಟ ದಿನಾ ಹೊಟ್ಯಾಗ ಇಟಗೊಂಡ ಕುಂತಿದ್ದೇನ ಯವ್ವಾ? ಓದು."

ಓದಿದೆ. ಹದಿನಾಲ್ಕು ಮದುವೆ. ಆರರಲ್ಲಿ ನಿಂತಿತ್ತು, ಎಂಟರಲ್ಲಿ ಇಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಚಡಚಣದಲ್ಲಿ ನಡು ಮಧ್ಯಾಹ್ನ ನಿಲ್ಲಲಿಲ್ಲ, ಬಾಗೇವಾಡಿಯಲ್ಲಿ ಸಂಜೆ ತಂಪಿನಲ್ಲಿ ನಿಂತಿತು ಎಂದಾಗ ಕಣ್ಣು ತೆರೆದರು. "ಹಂಗಾರ ಬಿಸಲ ಅಲ್ಲ" ಎಂದರು. ಆಮೇಲೆ, "ಚಡಚಣದಾಗ ಗಾಡಿ ಮ್ಯಾಲೆ ಏನಿತ್ತು?" ಎಂದು ಕೇಳಿದರು.

ಸಿಂಗಾರದ ವಿವರವನ್ನು ನಾನು ದಿನಚರಿಯ ಹಿಂಬದಿಯ ಹಾಳೆಗಳಲ್ಲಿ ಬೇರೆಯಾಗಿ ಬರೆದಿಟ್ಟಿದ್ದೆ, ಯಾವ ಮದುವೆಗೆ ಎಷ್ಟು ಮಾಲೆ ಬೇಕಾಯಿತೆಂದು. ತಿರುವಿದೆ. ಚಡಚಣದಲ್ಲಿ ಚೆಂಡುಹೂವು ಸಿಗದೆ ಬರೀ ರಿಬ್ಬನ್ನು ಕಟ್ಟಿದ್ದೆ. ಬಾಗೇವಾಡಿಯಲ್ಲಿ ಪರದೆ. ಹಿಪ್ಪರಗಿಯಲ್ಲಿ ಪರದೆ. ಮುಂದಿನ ಹಾಳೆ, ಹಿಂದಿನ ಹಾಳೆ ಎಂದು ತಿರುವುತ್ತಾ ಹೋದಂತೆ ನನ್ನ ದನಿ ಸಣ್ಣದಾಯಿತು. ಪರದೆ ಕಟ್ಟಿದ್ದು ಏಳು ಸಲ, ನಿಂತದ್ದು ಅದರಲ್ಲಿ ಆರು. ನಿಲ್ಲದ ಒಂದು, ಬರೀ ಕಾಲು ಗಂಟೆಯ ಮೆರವಣಿಗೆ. ಪರದೆ ಇಲ್ಲದ ಏಳರಲ್ಲಿ ಒಮ್ಮೆಯೂ ನಿಂತಿರಲಿಲ್ಲ.

ಕಾರಿಗೆ ಉಸಿರು ಹೋಗುವ ದಾರಿಯನ್ನೇ ನಾನು ಹೂವಿನಿಂದ ಮುಚ್ಚಿದ್ದೆ. ಒಳಗೆಲ್ಲ ಕಾದು ಪಂಪಿನಲ್ಲಿ ಪೆಟ್ರೋಲು ಕುದಿಯುತ್ತಿತ್ತು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಕಾಕಾ ದಿನಚರಿಯನ್ನು ತಮ್ಮ ಕಡೆ ಎಳೆದುಕೊಂಡು, "ಗಾಳಿ ಐತೇನಂತ ಊರ ಮಂದಿಗೆಲ್ಲಾ ಕೇಳ್ತೇನಿ, ನನಗ ನಾ ಕೇಳಲಿಲ್ಲ ನೋಡು. ಕಾರ್ಬುರೇಟರ್ ಎರಡ ಸಲ ಸುಮ್ನ ಬಿಚ್ಚೀನಿ. ಅದನ್ನೂ ಬರ್ಕೊ" ಎಂದರು.

ನಾನು ಬರೆಯಲಿಲ್ಲ. ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು. "ಬರ್ಕೊ ಅಂದೆ. ಯಾವುದು ತಪ್ಪಿತಂತ ಬರೀಲಿಲ್ಲಂದ್ರ ಮತ್ತ ಅದನ್ನ ಬಿಚ್ಚತೇವಿ." ಬರೆದೆ. ಆ ಸಾಲು ಈಗಲೂ ಇದೆ, ಏಪ್ರಿಲ್ ಇಪ್ಪತ್ತೆರಡರ ಪುಟದಲ್ಲಿ, ಮೇಲೆ ಅವರ ಹೆಬ್ಬೆರಳಿನ ಗ್ರೀಸಿನ ಗುರುತಿನೊಡನೆ.

ಮುಂದಿನ ಮದುವೆ ಇಂಡಿಯಲ್ಲಿತ್ತು. ಅಷ್ಟರಲ್ಲಿ ಅಪ್ಪನಿಗೆ ಎಲ್ಲ ಹೇಳಿದ್ದೆ, ಮುಚ್ಚಿಟ್ಟಿದ್ದ ಎರಡು ಸಲದ್ದೂ ಸೇರಿ. ಅವರು ಗುಜರಿಯವನ ನಂಬರನ್ನು ತೋರಿಸಿ, "ಇದ ಕಡೀದು" ಎಂದಷ್ಟೇ ಹೇಳಿದರು. ಕಾಕಾ ಎಂದೂ ಗ್ಯಾರೇಜು ಬಿಟ್ಟು ಹೋಗುವವರಲ್ಲ. ಅಂದು ಒಗೆದ ಅಂಗಿ ಹಾಕಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತರು. ತೊಡೆಯ ಮೇಲೆ ಅದೇ ಅರಿವೆ, ಒದ್ದೆ ಮಾಡಿ.

ಹೊರಡುವ ಮುಂಚೆಯೇ ಜಗಳವಾಯಿತು. ಮದುಮಗಳ ಸೋದರಮಾವ ಕಾರಿನ ಸುತ್ತ ತಿರುಗಿ, "ಮಾರಿ ಬೋಳ ಇಟ್ಟಗೊಂಡ ಬಂದೈತೆಲ್ಲಾ ಗಾಡಿ! ಫೋಟೋದಾಗ ಹೂವಿನ ಪರದೆ ಇತ್ತು, ಅದನ್ನ ನೋಡೇ ನಾವು ಹೇಳಿದ್ದು" ಎಂದು ದನಿ ಏರಿಸಿದರು. ಕಾಕಾ ಕೆಳಗಿಳಿದರು.

"ಸಾಹೇಬ್ರ, ಮದುಮಗಗ ಹಾರಾ ಎಲ್ಲಿ ಹಾಕ್ತೀರಿ?"

"ಕೊಳ್ಳಾಗ್ರಿ. ಮತ್ತೆಲ್ಲಿ?"

"ಮೂಗಿಗೆ ಕಟ್ಟೂದಿಲ್ಲ ಹೌದಿಲ್ರಿ? ಇದು ಇದರ ಮೂಗು" ಎಂದು ಮುಂದಿನ ಜಾಲರಿಯನ್ನು ತಟ್ಟಿ ತೋರಿಸಿದರು.

ಸೋದರಮಾವ ಜೋರಾಗಿ ನಕ್ಕರು. "ಹಂಗಾರ ಕೊಳ್ಳ ಎಲ್ಲೈತಿ ತೋರಿಸ್ರಿ, ಅಲ್ಲೇ ಹಾಕೂಣು" ಎಂದು ತಾವೇ ಬಾನೆಟ್ಟಿನ ಮೇಲೆ ಮಾಲೆ ಹಾಸಿದರು.

ಮೆರವಣಿಗೆ ಒಂದು ಗಂಟೆ ನಲವತ್ತು ನಿಮಿಷ. ಗುಡಿಯ ಮುಂದೆ ಆರಿಸಿ ನಿಂತದ್ದು ಐವತ್ತೊಂದು ನಿಮಿಷ. ಮದುಮಕ್ಕಳು ಬಂದು ಕೂತರು. ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಕಾಕಾನ ಕಡೆ ನೋಡಿದೆ. ಅರಿವೆಯನ್ನು ಎರಡೂ ಕೈಯಲ್ಲಿ ಎಷ್ಟು ಬಿಗಿಯಾಗಿ ಹಿಂಡಿದ್ದರೆಂದರೆ ಒಗೆದ ಅಂಗಿಯ ಮುಂಭಾಗ, ಧೋತರ ಎಲ್ಲ ತೊಯ್ದಿದ್ದವು.

ಇಳಿಯುವಾಗ ಅದನ್ನು ಮರಳಿ ನನಗೇ ಕೊಟ್ಟರು. "ಇಟ್ಕೊ. ಬೇಕಾಗಬಾರದು, ಆದ್ರ ಇರಬೇಕು." ಮರುದಿನ ಅಪ್ಪ ಆ ನಂಬರನ್ನು ಫೋನಿನಿಂದ ಅಳಿಸಿದರು. ನನಗೆ ಹೇಳಲಿಲ್ಲ, ನಾನೇ ನೋಡಿದೆ.

ಅದಾದ ಮೇಲೆ ಇಂದಿನವರೆಗೆ ನಲವತ್ತೇಳು ಮದುವೆ. ಮೆರವಣಿಗೆಯಲ್ಲಿ ನಿಂತದ್ದು ಸೊನ್ನೆ.

ಹೋದ ಕಾರ್ತಿಕದಲ್ಲಿ, ತುಳಸಿ ಲಗ್ನ ಮುಗಿದ ವಾರ, ಕಾಕಾ ತೀರಿಕೊಂಡರು. ಸುದ್ದಿ ಬಂದಾಗ ನಾನು ಮುದ್ದೇಬಿಹಾಳದಲ್ಲಿ ಒಂದು ಮೆರವಣಿಗೆಯ ನಡುವೆ ಇದ್ದೆ, ಹಿಂದಿನ ಸೀಟಿನಲ್ಲಿ ಮದುಮಕ್ಕಳು. ಮಣ್ಣಿಗೆ ಹೋಗಲಾಗಲಿಲ್ಲ. ಕಾರು ಅಂದು ಒಮ್ಮೆ ನಿಂತಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು... ಅದು ನಿಲ್ಲಲಿಲ್ಲ. ನಿಲ್ಲದಂತೆ ಮಾಡಿದವರು ಅವರೇ.

ಇಂದು ಬೆಳಿಗ್ಗೆ ಕಾರು ಚಾಲೂ ಆಗಲಿಲ್ಲ. ಇಪ್ಪತ್ತೆರಡು ದಿನ ಸುಮ್ಮನೆ ನಿಂತಿತ್ತು. ಬಾನೆಟ್ ಎತ್ತುವ ಮೊದಲು ಹಿತ್ತಲ ಕಟ್ಟೆಯ ಮೇಲೆ ಕೂತು ಮೂರೂ ಪ್ರಶ್ನೆ ಕೇಳಿದೆ. ಕಿಡಿ ಇತ್ತು, ಗಾಳಿ ಇತ್ತು, ಕಾರ್ಬುರೇಟರಿನಲ್ಲಿ ಪೆಟ್ರೋಲು ಆರಿಹೋಗಿತ್ತು. ಪಂಪಿನ ಪುಟ್ಟ ಲಿವರನ್ನು ಕೈಯಿಂದ ಮತ್ತೆ ಮತ್ತೆ ಒತ್ತಿ ತುಂಬಿಸಿದೆ. ಎರಡನೇ ಸಲಕ್ಕೆ ಹೊತ್ತಿಕೊಂಡಿತು. ಆಗ ಮತ್ತೆ ಕಣ್ಣಿಗೆ ಬಿದ್ದದ್ದು ಪಂಪಿನ ಬದಿಗೆ ಕಾಕಾ ಕಬ್ಬಿಣ ಉಜ್ಜುವ ಕಾನಸಿನಿಂದ ಎಳೆದಿದ್ದ ಎರಡು ಸಣ್ಣ ಗೆರೆ. ಯಾಕೆಂದು ಒಮ್ಮೆ ಕೇಳಿದ್ದೆ. "ಮುಂದ ಬಿಚ್ಚಾವಗ ತಿಳೀಲಿ, ಇದನ್ನ ಒಬ್ಬಾವ ನೋಡ್ಯಾನಂತ" ಎಂದಿದ್ದರು.

ಅದೇ ಎರಡು ಗೆರೆಯನ್ನು ಬಸವನ ಬಾಗೇವಾಡಿಯ ಒಂದು ಹಳೆಯ ಜೀಪಿನಲ್ಲಿ, ಮುದ್ದೇಬಿಹಾಳದ ಒಂದು ಕಾರಿನಲ್ಲಿ ನೋಡಿದ್ದೇನೆ. ನಮ್ಮದೂ ಸೇರಿ ಮೂರು. ಇಂಡಿ, ಸಿಂದಗಿ ಕಡೆಯ ಯಾರ ಹಿತ್ತಲಲ್ಲಾದರೂ ಹಳೆಯ ಗಾಡಿ ಇದ್ದರೆ ಒಮ್ಮೆ ಬಾನೆಟ್ ಎತ್ತಿ ಪಂಪಿನ ಬದಿ ಒರೆಸಿ ನೋಡಿ. ಎರಡು ಗೆರೆ ಕಂಡರೆ, ಯಾವ ಊರು, ಯಾವ ಗಾಡಿ, ಈಗಲೂ ಓಡುತ್ತದೆಯೇ ಎಂದು ನನಗೆ ಬರೆದು ತಿಳಿಸಿ. ದಿನಚರಿಯಲ್ಲಿ ಒಂದು ಪುಟವನ್ನು ಅದಕ್ಕಾಗಿ ಖಾಲಿ ಬಿಟ್ಟಿದ್ದೇನೆ.