ಎಡಗಡೆ ಪಾಟಾದೊಳಗಿನ ಸದ್ದು

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಧೈರ್ಯವಂತ ಎಂದು ತಿಳಿಯಬೇಡಿ. ಕಣ್ಣಿಗೆ ಕಾಣುವ ಸಂಗತಿಗಳ ಚಿಂತೆಯೇ ಮುಗಿಯದವನಿಗೆ ಕಾಣದವುಗಳಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ, ಓಣಿಯ ತುದಿಯಿಂದ ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವ ಪೈಕಿ ನಾನು. ಇಂಥವನು ಎಂಬತ್ತರ ದಶಕದ ಕೊನೆಗೆ ಒಂದು ಹಳೆಯ ಲಾರಿ ಕೊಂಡಿದ್ದೆ. ಮನೆ ಹಾವೇರಿಯಲ್ಲಿ, ಬಾಡಿಗೆ ಬ್ಯಾಡಗಿಯ ಮೆಣಸಿನಕಾಯಿಯದು. ಗಾಡಿ ಓಡಿಸುವವರು ಮೌಲಾಸಾಬರು. ನನಗಿಂತ ಹಿರಿಯರು, ಚಿಂತೆ ಎಂಬುದು ಗೊತ್ತಿಲ್ಲದ ಮನುಷ್ಯ.

ಆ ವಾರ ಮುಂದಿನ ಎಡಗಾಲಿಯ ಮೇಲಿಂದ ಒಂದು ಸದ್ದು ಶುರುವಾಯಿತು. ಕಬ್ಬಿಣದ ಕಿರುಗುಟ್ಟುವಿಕೆ ಅಲ್ಲ. ಯಾರದೋ ಬಾಯಿ ಒತ್ತಿ ಹಿಡಿದ ಹಾಗೆ, ಚೀಂ ಅಂತ. ಹಾವೇರಿಯ ಮಿಸ್ತ್ರಿಯೊಬ್ಬ ಸುಟ್ಟ ಎಂಜಿನ್ ಆಯಿಲ್ ಬಳಿದುಕೊಟ್ಟ. ಮೋಟೆಬೆನ್ನೂರು ದಾಟುವುದರೊಳಗೆ ಮತ್ತೆ ಚೀಂ. ಆಮೇಲೆ ಬ್ಯಾಡಗಿ ಪೇಟೆಯ ಕೆಂಪು ಪುಡಿ ಆ ಎಣ್ಣೆಗೆ ಮೆತ್ತಿ, ಗಾಲಿಯ ಸಂದಿಯಲ್ಲೆಲ್ಲ ಹಳಸಿದ ಚಟ್ನಿಯಂಥದು ಕಟ್ಟಿಕೊಂಡಿತು.

ಮರುದಿನ ಗಾಡಿ ತುಂಬಿಕೊಂಡು ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಿತ್ತು. ಮಾಲಿನ ಮಾತು ಬಿಡಿ. ಮೌಲಾಸಾಬರ ಮಗಳು ಹಸೀನಾ ಬಾಣಂತನ ಮುಗಿಸಿ, ನಾಲ್ಕು ತಿಂಗಳ ಕೂಸಿನೊಂದಿಗೆ ಅದೇ ಕ್ಯಾಬಿನ್ನಿನಲ್ಲಿ ಗಂಡನ ಮನೆಗೆ ಹೊರಟಿದ್ದಳು. ಸದ್ದು ಹೋಗದೆ ಗಾಡಿ ಹೊರಡಬಾರದು ಎಂದೆ.

"ಸಾವ್ಕಾರ್ರ, ಗಾಡಿ ಅಂದ ಮ್ಯಾಲ ಮಾತಾಡ್ತೈತ್ರಿ," ಎಂದು ಮೌಲಾಸಾಬರು ನಕ್ಕರು. "ನಿಮಗ ಅದು ನಿಂತ್ರೂ ಚಿಂತಿ, ಓಡಿದ್ರೂ ಚಿಂತಿ."

ಆದರೂ ರಾಣೆಬೆನ್ನೂರಿಗೆ ಗಾಡಿ ಓಡಿಸಿಕೊಂಡು ಬಂದರು. ಅಲ್ಲಿ ವೀರಭದ್ರಪ್ಪ ಮಿಸ್ತ್ರಿಗೆ ಮುಂದಿನ ಪಾಟಾ ಕೆಲಸದಲ್ಲಿ ಹೆಸರಿತ್ತು. ಪಾಟಾ ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಇಡೀ ಭಾರ ಹೊತ್ತು ಬಾಗುವುದು, ಏಳುವುದು ಅವೇ. ಹೆಸರಿದ್ದ ಮಿಸ್ತ್ರಿಯ ಬಾಯಲ್ಲಿ ಸದಾ ತಂಬಾಕು. ಉಗುಳಿದಲ್ಲೇ ಗೋಣಿಚೀಲ ಹಾಸಿ ಲಾರಿ ಕೆಳಗೆ ಮಲಗಿದ. ನನ್ನ ಹೊಟ್ಟೆ ನೋಡಿ, "ನೀವ ಬಂಪರ್ ಮ್ಯಾಲ ಹತ್ತಿ ಜಿಗೀರಿ, ಗಾಡಿ ಕುಣಿಯಾಕ ತೂಕದ ಆಳು ಬೇಕು" ಎಂದ. ನಡುಮಧ್ಯಾಹ್ನ, ಪೇಟೆಯ ಜನ ನೋಡುತ್ತಿರಲು, ಲಾರಿ ಮಾಲೀಕನಾದ ನಾನು ಕುಣಿದೆ. ನಾನು ಜಿಗಿದಂತೆಲ್ಲ ಚೀಂ, ಚೀಂ.

ಮಿಸ್ತ್ರಿ ಒಂದೊಂದೇ ಕೀಲಿಗೆ ನೀರು ಹೊಯ್ದ. ಕೀಲಿನೊಳಗಿನ ಬುಶ್ ಒಣಗಿದ್ದರೆ ನೀರು ಬಿದ್ದಕೂಡಲೇ ಸದ್ದು ಅಡಗುತ್ತದಂತೆ. ಅಡಗಲಿಲ್ಲ. ಗ್ರೀಸ್ ತುಂಬಿದ, ಹಾರೆ ಹಾಕಿ ಮೀಟಿದ. ಕೊನೆಗೆ ಬೆರಳಿಟ್ಟು ನೋಡುವುದೊಂದೇ ಉಳಿಯಿತು. ಸದ್ದು ಹುಟ್ಟುವ ಜಾಗ ಬೆರಳಿಗೆ ನಡುಗುತ್ತದೆ. ಅವನ ಕೈ ದಪ್ಪ, ಸಂದಿಯಲ್ಲಿ ತೂರಲಿಲ್ಲ. ಚೀಲದ ಮೇಲೆ ಮಲಗುವ ಪಾಳಿ ನನ್ನದಾಯಿತು, ಜಿಗಿಯುವುದು ಮೌಲಾಸಾಬರದು.

ಪಾಟಾದ ಸುರುಳಿ ಸುತ್ತಿದ ತುದಿಯಲ್ಲಿ, ಆ ಕೊಳಕು ರಾಡಿಯೊಳಗೆ, ಬಲಗೈ ತೂರಿಸಿದೆ. ಬೆರಳಿಗೆ ಕೂದಲು ಸಿಕ್ಕಿತು. ಎಳೆದೆ. ಇಲಿ. ಸತ್ತು ಎಷ್ಟು ತಿಂಗಳಾಗಿತ್ತೋ, ಒಣಗಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಕಣ್ಣಿದ್ದಲ್ಲಿ ಗ್ರೀಸ್. ಬಾಲ ಮುಟ್ಟಿದರೆ ಮುರಿಯಿತು. ಮೌಲಾಸಾಬರು ಜಿಗಿಯುವುದನ್ನು ನಿಲ್ಲಿಸಿ ಇಳಿದು ಬಗ್ಗಿದ್ದರು. ಗಾಡಿ ಅಲುಗುತ್ತಿರಲಿಲ್ಲ.

ಆಗ ಅದು ನನ್ನ ಅಂಗೈಯಲ್ಲಿ ಚೀಂ ಎಂದಿತು.

ಒಂದೇ ಸಲ. ಅದರ ನಡುಕ ಅಂಗೈಗೆ ತಾಗಿತು. ಚೀರಿ ಎಸೆದುಬಿಟ್ಟೆ. ಚರಂಡಿಯಲ್ಲಿ ಬಿತ್ತು. ಪಕ್ಕಕ್ಕೆ ಹೊರಳಿ, ಆ ಬೆಳಿಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡಿದೆ. ಮೌಲಾಸಾಬರ ಮುಖದಲ್ಲಿ ನಗು ಇರಲಿಲ್ಲ. ಮಿಸ್ತ್ರಿ ಲಾರಿ ಕೆಳಗೆ ತೂರಿ, ಇಲಿ ಇದ್ದ ಜಾಗವನ್ನು ತಂತಿಗೆ ಸುತ್ತಿದ ಅರಿವೆಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ.

"ಚಾಚಾ, ಇಲ್ಲಿ ಬರ್ರಿ," ಎಂದು ಮೌಲಾಸಾಬರನ್ನು ಕರೆದ. "ಮೇನ್ ಪಾಟಾ ಅರ್ಧಕ್ಕ ಸೀಳೇತಿ. ಘಟ್ಟದಾಗ ಒಂದು ಬ್ರೇಕ್ ಒತ್ತಿದ್ರ ಸಾಕಿತ್ತು, ಸ್ಟೇರಿಂಗ ನಿಮ್ಮ ಕೈಯಾಗ ಇರ್ತಿದ್ದಿಲ್ಲ."

ಮೌಲಾಸಾಬರು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು. ಮೊಮ್ಮಗಳ ಹೆಸರು ಎರಡು ಸಲ ಅಂದರು.

ಹೊಸ ಪಾಟಾ ಹಾಕಿಸಿದೆ. ಸದ್ದು ಮತ್ತೆ ಬರಲಿಲ್ಲ. ಸೀಳಿದ ಉಕ್ಕು ಉಕ್ಕಿಗೆ ತಿಕ್ಕಿ ಹಾಗೆ ಚೀರುತ್ತಿತ್ತು ಎಂದು ಮಿಸ್ತ್ರಿ ಹೇಳಿದ. ಒಪ್ಪುತ್ತೇನೆ. ಹಾಗಾದರೆ ನನ್ನ ಅಂಗೈಯಲ್ಲಿ? ಮುಂದೊಮ್ಮೆ ಕೇಳಿದಾಗ, "ನಾ ಏನೂ ಕೇಳಿಲ್ರಿ" ಎಂದು ಉಗುಳಿದ. ಮೌಲಾಸಾಬರು ಕೇಳಿದೆ ಅನ್ನಲಿಲ್ಲ, ಕೇಳಿಲ್ಲ ಅಂತಲೂ ಅನ್ನಲಿಲ್ಲ. ಇಲಿಯ ಒಳಗೆ ಗಾಳಿ ಸಿಕ್ಕಿಕೊಂಡಿತ್ತು ಎಂದು ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಹಪ್ಪಳದೊಳಗೆ ಎಂಥ ಗಾಳಿ? ಮೂರು ಜೀವ ಉಳಿದವಲ್ಲ ಎಂದು ಕೃತಜ್ಞತೆ ತಂದುಕೊಳ್ಳಲು ಹೋದರೆ ಮೊದಲು ಬರುವುದು ಹೇಸಿಗೆಯೇ. ಉಳಿಸಿದ್ದು ಅದೇ ಆಗಿದ್ದರೆ, ಅದನ್ನು ಚರಂಡಿಗೆಸೆದ ನನ್ನ ಮೇಲೂ ಅಷ್ಟೇ ಹೇಸಿಗೆ.

ಹಸೀನಾ ಈಗಲೂ ಮೊಹರಂ ಹಬ್ಬಕ್ಕೆ ತವರಿಗೆ ಬಂದಾಗ ಬೆಲ್ಲದ ಸಿಹಿರೊಟ್ಟಿ ಚೊಂಗ್ಯಾ ತಂದುಕೊಡುತ್ತಾಳೆ. ಎಡಗೈ ಚಾಚಿದರೆ ಅವಳಿಗೆ ಅವಮಾನ. ಇಲಿ ಹಿಡಿದಿದ್ದ ಆ ಬಲಗೈಯನ್ನೇ ಚಾಚುತ್ತೇನೆ. "ಕಾಕಾ, ತಿನ್ನೋದು ಬಿಟ್ಟು ಏನ್ ಮಾಡಾಕತ್ತೀರಿ?" ಎಂದು ನಗುತ್ತಾಳೆ. ಬಾಯಿಗೆ ಹಾಕುವ ಮೊದಲು, ನನಗೆ ಗೊತ್ತಾಗದಂತೆಯೇ, ಕೈ ಒಂದು ಗಳಿಗೆ ಕಿವಿಯ ಹತ್ತಿರ ಹೋಗಿರುತ್ತದೆ.